ಮಕ್ಕಿಮನೆಯ ಅಂಗಳ ದಾಟುವ ದಾರಿ

ನನಗಿಂತ ಚೆನ್ನಾಗಿ ಹಾಡುವವರಿದ್ದರೆ ಕೂತು ಕೇಳುತ್ತೇನೆ. ನನಗಿಂತ ಚೆನ್ನಾಗಿ ಪಾಠ ಮಾಡುವವರನ್ನು ನೌಕರಿಯುದ್ದಕ್ಕೂ ಸಹಿಸಿಕೊಂಡು ಬಂದವನು ನಾನು. ಆದರೆ ನನಗಿಂತ ಚೆನ್ನಾಗಿ ದಾರಿ ಬಲ್ಲವರನ್ನು ಕಂಡರೆ ನನಗಾಗುವುದಿಲ್ಲ. ನಮ್ಮೂರಿನಲ್ಲಿ ಅಂಥವಳು ಒಬ್ಬಳೇ ಇದ್ದಳು. ಕಳೆದ ತಿಂಗಳು ತೀರಿಕೊಂಡಳು. ಸುದ್ದಿ ಕೇಳಿದಾಗ ಮೊದಲು ಹೊಳೆದದ್ದು ದುಃಖವಲ್ಲ, ಇನ್ನು ಈ ಗುಡ್ಡೆಯ ದಾರಿಗಳೆಲ್ಲ ಗೊತ್ತಿರುವವನು ನಾನೊಬ್ಬನೇ ಎಂಬ ಮಾತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಆಕೆಯ ಬಗ್ಗೆ ಬರೆಯಲು ಕೂತವನು ನನ್ನ ಹೊಟ್ಟೆಕಿಚ್ಚನ್ನು ಬಿಟ್ಟು ಬರೆದರೆ ಅರ್ಧ ಸುಳ್ಳು ಬರೆದಂತೆ.

ಆಕೆಯ ಹೆಸರು ಬರೆಯುವುದಿಲ್ಲ. ಹೆಸರು ಬರೆಸಿದ್ದರಿಂದ ಆದ ಅನಾಹುತ ಒಂದು ಸಾಕು. ಅದು ನನ್ನ ಹೆಸರು, ಮುಂದೆ ಹೇಳುತ್ತೇನೆ. ಊರವರಿಗೆ ಆಕೆ ಮೀನಿನಕ್ಕ. ಕಡಲ ಬದಿಯವಳು. ಬೆಳಿಗ್ಗೆ ದೋಣಿ ಬರುವಲ್ಲಿ ಮೀನು ತುಂಬಿಸಿಕೊಂಡು, ಮೊದಲ ಬಸ್ಸು ಹಿಡಿದು, ವಂಡ್ಸೆ ದಾಟಿ ನಮ್ಮೂರಿಗೆ ಬರುತ್ತಿದ್ದಳು. ಬಸ್ಸು ನಿಲ್ಲುವಲ್ಲಿಗೆ ಡಾಂಬರು ಮುಗಿಯುತ್ತದೆ. ಅಲ್ಲಿಂದ ಮುಂದೆ ಗುಡ್ಡೆ, ಕಾಡು ಬೆಳೆದ ಹಾಡಿ, ನಡುವೆ ಗದ್ದೆಬೈಲು, ಬೈಲಿನ ಅಂಚಿಗೆ ಅಲ್ಲೊಂದು ಇಲ್ಲೊಂದು ಮನೆ. ಗುಡ್ಡೆಯನ್ನು ಸುತ್ತಿ ಜೀಪು ಹೋಗುವ ಮಣ್ಣಿನ ಮಾರ್ಗವೊಂದಿದೆ. ನಡೆಯುವವರು ಅದನ್ನು ಮುಟ್ಟುವುದಿಲ್ಲ. ಅವರಿಗೆ ಕಾಲುದಾರಿಗಳಿವೆ.

ನಾನು ಸಾಲಿಗ್ರಾಮದ ಕಡೆಯವನು. ನಮ್ಮಲ್ಲಿ ನೆಲ ಮಟ್ಟಸ. ದಾರಿ ಎಂದರೆ ಎದುರಿಗೆ ಕಾಣುವುದು, ನಡೆದರೆ ಮುಗಿಯುವುದು. ಈ ಊರಿನ ಶಾಲೆಗೆ ವರ್ಗವಾಗಿ ಬಂದ ಮೇಲೆ ಗುಡ್ಡೆಯ ಹುಚ್ಚು ಹಿಡಿಯಿತು. ಭಾನುವಾರ ಬಂತೆಂದರೆ ತಲೆಗೊಂದು ಟೋಪಿ, ಕೈಗೊಂದು ಕೋಲು, ಜೇಬಿನಲ್ಲೊಂದು ಪುಸ್ತಕ. ಯಾವ ದಾರಿ ಹಿಡಿಯುವುದೆಂದು ಶನಿವಾರ ಸಂಜೆಯೇ ಬರೆದು ಮೇಜಿನ ಮೇಲಿಡುತ್ತಿದ್ದೆ. ಹೊಳೆಬಾಗಿಲಿನ ಕಾಲುಸಂಕದಿಂದ ದೊಡ್ಡ ಹಲಸಿನ ಮರಕ್ಕೆ ಎಷ್ಟು ನಿಮಿಷ, ಅಲ್ಲಿಂದ ಮಕ್ಕಿಮನೆಯ ಅಂಗಳಕ್ಕೆ ಎಷ್ಟು, ಅಂಗಳ ದಾಟಿ ಮೇಲ್‌ಹಾಡಿಗೆ ಎಷ್ಟು, ಎಲ್ಲ ಗುರುತು ಹಾಕಿಕೊಳ್ಳುತ್ತಿದ್ದೆ. ಹದಿನೈದು ವರ್ಷದಲ್ಲಿ ಅಂಥ ಪುಸ್ತಕಗಳು ಆರಾದವು. ಇದನ್ನೆಲ್ಲ ಯಾರೂ ಮಾಡಿಲ್ಲ ಎಂಬ ಜಂಬ ನನಗಿತ್ತು.

ಆಕೆಯ ಹತ್ತಿರ ಪುಸ್ತಕವಿರಲಿಲ್ಲ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ, ಬುಟ್ಟಿಗೊಂದು ಪ್ಲಾಸ್ಟಿಕ್ ಹಾಳೆಯ ಮುಚ್ಚಿಗೆ. ಕೈ ಎರಡೂ ಖಾಲಿ. ಕಾಲುಸಂಕ ದಾಟುವಾಗ ನಾನು ಆಸರೆಯ ಹಗ್ಗವನ್ನು ಬಿಗಿಹಿಡಿದು ಒಂದೊಂದೇ ಹೆಜ್ಜೆ ಇಟ್ಟರೆ, ಆಕೆ ಸಂಕದ ನಟ್ಟನಡುವೆ ನಿಂತು ಸೆರಗಿನ ಗಂಟು ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಕೆಳಗೆ ಮಳೆಗಾಲದ ಹೊಳೆ, ಮೇಲೆ ಬುಟ್ಟಿ ತುಂಬ ಬಂಗುಡೆ. ನೆಲ ನೋಡಿ ನಡೆದದ್ದನ್ನು ನಾನು ಕಾಣೆ. ಎದುರು ಬಂದವರ ಮುಖ ನೋಡುತ್ತಿದ್ದಳು, ಮಾತಾಡುತ್ತಿದ್ದಳು. ಕಾಲು ತನ್ನ ಪಾಡಿಗೆ ಬೇರು ಯಾವುದು ಕಲ್ಲು ಯಾವುದು ನೋಡಿಕೊಳ್ಳುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

ಮತ್ತೆ ಆ ಕೂಗು. ಮನೆ ಕಣ್ಣಿಗೆ ಬೀಳುವ ಮೊದಲೇ, ತಿರುವಿನಲ್ಲಿ ನಿಂತು, "ಹ್ವಾ...ಯ್!" ಅನ್ನುತ್ತಿದ್ದಳು. ಒಂದೇ ಸಲ. ಮನೆಯೊಳಗಿನಿಂದ "ಬಾ, ಬಾ" ಎಂದು ಬರುವವರೆಗೆ ಅಲ್ಲೇ ನಿಲ್ಲುತ್ತಿದ್ದಳು. ಆಮೇಲೆ ಹೆಜ್ಜೆ ಮುಂದೆ. ಮೀನು ಮಾರುವವರ ಕೂಗು, ಇನ್ನೇನು ಎಂದುಕೊಂಡಿದ್ದೆ. ಆದರೂ ಒಂದು ಕೂಗಿಗೆ ಇಡೀ ಗುಡ್ಡೆ ಓಗೊಡುವುದನ್ನು ಕೇಳಿದಾಗ, ಶಾಲೆಯಲ್ಲಿ ಮೂರು ಸಲ ಗಂಟೆ ಹೊಡೆದರೂ ಒಳಗೆ ಬರದ ಮಕ್ಕಳ ನೆನಪಾಗಿ ಮುಖ ಸಣ್ಣದಾಗುತ್ತಿತ್ತು.

ಒಮ್ಮೆ ಮೇಲ್‌ಹಾಡಿಯ ಹತ್ತಿರ ನನಗೆ ದಾರಿ ತಪ್ಪಿತು. ಪುಸ್ತಕದಲ್ಲಿ ಬರೆದ ಹುಣಾಲು ಮರ ಬಿರುಗಾಳಿಗೆ ಬಿದ್ದುಹೋಗಿತ್ತು, ಅದನ್ನೇ ನಂಬಿದ್ದವನು ನಾನು. ಒಂದೇ ಜಾಗಕ್ಕೆ ಮೂರು ಸಲ ಬಂದೆ. ಬೆವರು ಒರೆಸಿಕೊಳ್ಳುವಾಗ ಎಲ್ಲೋ ಕೆಳಗೆ ಆ ಕೂಗು ಕೇಳಿಸಿತು. ಆ ದಿಕ್ಕಿಗೆ ಪೊದೆ ಸರಿಸಿಕೊಂಡು ಇಳಿದರೆ ಎದುರಿಗೇ ಆಕೆ.

"ಎಂತ ಮೇಷ್ಟ್ರೇ, ದಾರಿ ತಪ್ಪಿತಾ?"

"ಇಲ್ಲೆ ಮಾರಾಯ್ತಿ, ಹಕ್ಕಿ ಕಾಂತಿದ್ದೆ."

ಆಕೆ ಬುಟ್ಟಿ ಅಲುಗದಂತೆ ಕತ್ತು ತಿರುಗಿಸಿ ಮೇಲೆ ನೋಡಿದಳು. "ಹಕ್ಕಿ ಆ ಬದಿಗಿತ್ತ್. ನೀವ್ ಈ ಬದಿ ಕಾಂತಿದ್ರಿ" ಎಂದಳು. ಮತ್ತೆ ಏನೂ ಆಗದವಳ ಹಾಗೆ, "ನಾನೂ ಕೆಳ್ಗೇ ಹೋಪುದ್. ಬನ್ನಿ, ಮಾತಾಡ್ಕಂಡ್ ಹೋಪ" ಎಂದು ಮುಂದೆ ನಡೆದಳು. ನನ್ನನ್ನು ಹಿಂದೆ ಬಿಟ್ಟುಕೊಂಡು ನಡೆದಳು ಎಂಬುದನ್ನೂ ನಾನು ಎಷ್ಟೋ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದೆ.

ನನಗೆ ಸಮಾಧಾನ ಕೊಡುತ್ತಿದ್ದ ಸಂಗತಿ ಒಂದೇ. ನಾನು ಯಾವ ಮನೆಯ ಅಂಗಳಕ್ಕೆ ಹೋದರೂ ಜಗುಲಿಯ ಮೇಲೆ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ಚೂರು ಸಿದ್ಧವಿರುತ್ತಿತ್ತು. ನಾಯಿಗಳು ಮೈಮೇಲೆ ಬರುತ್ತಿರಲಿಲ್ಲ. ಹೆಂಗಸರು ತಲೆ ಬಾಚಿ, ಸೀರೆ ಸರಿಮಾಡಿಕೊಂಡು, "ಬನ್ನಿ ಮೇಷ್ಟ್ರೇ" ಎಂದು ಬಾಗಿಲಲ್ಲಿ ನಿಂತಿರುತ್ತಿದ್ದರು. ಹೆಂಡತಿಯ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ: "ಕಂಡ್ಯಾ, ನಾನ್ ಹೋಪತ್ತಿಗೆ ನೀರ್ ತಯಾರ್ ಇರ್ತ್. ನಾಯಿಗೂ ಗೊತ್ತಿತ್ತ್ ಮೇಷ್ಟ್ರ್ ಅಂದ್." ಅವಳು "ಹೌದ್ ಹೌದ್" ಎಂದು ಒಳಗೆ ಹೋಗುತ್ತಿದ್ದಳು. ಮೀನಿನಕ್ಕನಿಗೆ ಬಾಗಿಲು ತೆರೆಯುವುದು ಬುಟ್ಟಿಯ ಆಸೆಗೆ, ನನಗೆ ತೆರೆಯುವುದು ಮರ್ಯಾದೆಗೆ. ಹೀಗೆ ಲೆಕ್ಕ ಹಾಕಿ ಹಾಯಾಗಿದ್ದೆ.

ಹೆಂಡತಿಯ ಮಾತು ಬಂತು. ನಮ್ಮದು ಮೀನು ತಿನ್ನದ ಮನೆ. ಮೀನಿನಕ್ಕನಿಗೆ ನಮ್ಮಲ್ಲಿ ಏನು ಕೆಲಸ? ಆದರೂ ಪ್ರತಿ ಭಾನುವಾರ ಬಸ್ಸಿಳಿದವಳೇ ಬುಟ್ಟಿಯನ್ನು ಬೇಲಿಯ ಹೊರಗಿಟ್ಟು, ನಮ್ಮ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಹೆಂಡತಿ ಕಾಫಿ ಲೋಟ ಕೊಟ್ಟು ತಾನೂ ಪಕ್ಕದಲ್ಲಿ ಕೂರುವಳು. ಗುಸುಗುಸು, ಆಮೇಲೆ ನಗು. ನಾನು ಒಳಗಿನಿಂದ ಕೆಮ್ಮಿದರೆ ಇಬ್ಬರೂ ಸುಮ್ಮನೆ. ಇಷ್ಟು ವರ್ಷ ಸಂಸಾರ ಮಾಡಿದ ನನ್ನ ಹತ್ತಿರ ಅಷ್ಟು ನಗುತ್ತ ಮಾತಾಡದವಳು, ಐದು ನಿಮಿಷಕ್ಕೆ ಬಂದ ಹೆಂಗಸಿನ ಹತ್ತಿರ ಏನು ಹೇಳಿಕೊಳ್ಳುತ್ತಾಳೆ? ಒಮ್ಮೆ ಕೇಳಿದೆ. "ಹೆಂಗ್ಸ್ರ ಮಾತ್. ನಿಮ್ಗೆಂತಕ್ಕೆ?" ಎಂದಳು.

ನಾನು ನಿವೃತ್ತನಾದ ವರ್ಷ ಪಂಚಾಯತಿಯವರಿಗೆ ಒಂದು ಯೋಚನೆ ಬಂತು. ಊರಿನ ನಡಿಗೆಯ ದಾರಿಗಳನ್ನೆಲ್ಲ ಒಂದು ದೊಡ್ಡ ಬೋರ್ಡಿನಲ್ಲಿ ಬರೆಸಿ ಬಸ್ಸು ನಿಲ್ಲುವಲ್ಲಿ ಹಾಕುವುದು, ಹೊರಗಿನವರು ಬರಲಿ, ಊರಿಗೆ ಹೆಸರಾಗಲಿ ಎಂದು. ಅಧ್ಯಕ್ಷರು ನನ್ನ ಮನೆಗೇ ಬಂದರು. ಆರು ಪುಸ್ತಕ ಹರಡಿಕೊಂಡು ಎರಡು ತಿಂಗಳು ಕೂತು ನಕ್ಷೆ ಬರೆದೆ. ನಾಲ್ಕು ದಾರಿ, ನಾಲ್ಕು ಬಣ್ಣ. ಒಂದು ಭಾನುವಾರ, ಹೊಗಳಿಸಿಕೊಳ್ಳುವ ಆಸೆಗೆ, ಮೆಟ್ಟಿಲ ಮೇಲೆ ಕೂತಿದ್ದ ಆಕೆಗೂ ತೋರಿಸಿದೆ. ಕೈ ಒದ್ದೆಯೆಂದು ಹಾಳೆ ಮುಟ್ಟದೆ, ಬಗ್ಗಿ, ಬೆರಳನ್ನು ಗಾಳಿಯಲ್ಲೇ ಆಡಿಸುತ್ತ ಒಂದೊಂದು ಗೆರೆಯನ್ನೂ ಹಿಂಬಾಲಿಸಿದಳು. ಓದು ಬಾರದವಳಿಗೆ ನಕ್ಷೆ ಅಷ್ಟು ಬೇಗ ತಿಳಿದದ್ದೂ ನನಗೆ ಹಿಡಿಸಲಿಲ್ಲ.

"ಎಲ್ಲ ಸಮ ಇತ್ತ್ ಮೇಷ್ಟ್ರೇ" ಎಂದಳು. "ಮನಿ ಎಲ್ಲಿತ್ತ್?"

"ಇದ್ ದಾರಿ ನಕ್ಷೆ ಮಾರಾಯ್ತಿ. ಮನೆದ್ದಲ್ಲ."

ಆಕೆ ಇನ್ನೇನೋ ಹೇಳುವವಳಿದ್ದಳು. ಹೆಂಡತಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಲೋಟ ತೊಳೆದಿಟ್ಟು ಎದ್ದು ಹೋದಳು.

ಬೋರ್ಡು ನಿಂತಿತು. ಕೆಳಗೆ, "ದಾರಿ ತೋರಿದವರು" ಎಂದು ನನ್ನ ಹೆಸರು, ಅದರ ಕೆಳಗೆ ನಿವೃತ್ತ ಮುಖ್ಯೋಪಾಧ್ಯಾಯರು ಎಂಬ ಸಾಲು. ಫೋಟೋ ತೆಗೆಯುವಾಗ ಆಕೆಯ ಬುಟ್ಟಿ ಅಡ್ಡ ಬರುತ್ತದೆಂದು ಯಾರೋ ಆಚೆ ಸರಿಸಲು ಹೇಳಿದರು. ಸರಿಸಿದಳು. ಆ ದಿನ ಅದು ನನಗೆ ಹಿತವಾಗಿತ್ತು. ಸುಳ್ಳು ಹೇಳುವುದಿಲ್ಲ.

ಬೋರ್ಡಿನ ಚಿತ್ರ ಯಾರದೋ ಮೊಬೈಲಿನಿಂದ ಇನ್ಯಾರದೋ ಮೊಬೈಲಿಗೆ ಹೋಗಿ, ರಜೆ ಬಂತೆಂದರೆ ಪೇಟೆಯ ಕಡೆಯಿಂದ ಗುಂಪು ಗುಂಪಾಗಿ ಜನ ಬರತೊಡಗಿದರು. ಒಳ್ಳೆಯ ಜನವೇ. ಕಸ ಬಿಸಾಡಲಿಲ್ಲ, ಮರ ಕಡಿಯಲಿಲ್ಲ. ಬೋರ್ಡಿನಲ್ಲಿ ಬರೆದ ಹಾಗೆಯೇ ನಡೆದರು. ಕೆಂಪು ಗೆರೆ ಮಕ್ಕಿಮನೆಯ ಅಂಗಳದ ಮೇಲೆ ಹಾದುಹೋಗಿತ್ತು. ಮಕ್ಕಿಮನೆಯ ಗಿರಿಜಕ್ಕನ ಮಗಳು ಹೆರಿಗೆಗೆ ಬಂದಿದ್ದಳು. ಅಂಗಳದ ಮೂಲೆಯಲ್ಲಿ ಎದೆಮಟ್ಟದ ಗೋಡೆಯ ಬಚ್ಚಲು. ಬಾಳಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುತ್ತಿದ್ದ ಹೊತ್ತಿಗೆ, ಟೋಪಿ ಹಾಕಿದ ಹನ್ನೆರಡು ಮಂದಿ ಸದ್ದಿಲ್ಲದೆ ಅಂಗಳಕ್ಕೆ ಬಂದು ನಿಂತರಂತೆ. ಒಬ್ಬ ಮೊಬೈಲು ಎತ್ತಿ ದನದ ಹಟ್ಟಿಯ ಚಿತ್ರ ತೆಗೆಯುತ್ತಿದ್ದನಂತೆ. ಮರುದಿನ ದಾರಿಗೆ ಮುಳ್ಳು ಬಿತ್ತು.

ಇದು ನನಗೆ ತಿಳಿದದ್ದು ಮುಂದಿನ ಭಾನುವಾರ. ಎಂದಿನ ಹಾಗೆ ಹೊರಟು ದೊಡ್ಡ ಹಲಸಿನ ಮರದವರೆಗೆ ಬಂದಿದ್ದೆ. ಮೇಲೆ ತಿರುವಿನಲ್ಲಿ ಆಕೆ ನಿಂತಿದ್ದಳು, ಎದುರಿಗೆ ಸೊಂಟದೆತ್ತರದ ಹೊಸ ಮುಳ್ಳುಬೇಲಿ. ಕೂಗು ಹಾಕಿದಳು. ಗಿರಿಜಕ್ಕ ಹೊರಗೆ ಬಂದಳು. ನಾನು ಮರದ ಮರೆಗೆ ಸರಿದೆ. ಯಾಕೆ ಸರಿದೆನೋ ಗೊತ್ತಿಲ್ಲ, ಕಾಲು ಸರಿಯಿತು.

"ಎಂತ ಗಿರಿಜಕ್ಕ, ದಾರಿಗ್ ಮುಳ್ಳ್?"

"ನಿಂಗಲ್ಲ ಮಾರಾಯ್ತಿ. ನಿಂಗ್ ಸರ್ಸಿ ಕೊಡ್ತೆ, ಬಾ. ಆ ಮೇಷ್ಟ್ರಿಗೂ, ಅವ್ರ ಬೋರ್ಡ್ ಕಂಡ್ ಬಪ್ಪರಿಗೂ ಇಲ್ಲೆ."

"ಮೇಷ್ಟ್ರ್ ಎಂತ ಮಾಡ್ರ್?"

"ಎಂತ ಮಾಡ್ರಾ? ಹದ್ನೈದ್ ವರ್ಷ ಬಾಯಿ ಬಿಡ್ದೆ ಅಂಗಳಕ್ಕ್ ಬಂದ್ರ್. ಒಂದಿನ ಕೂಗಿದ್ರಾ? ನೀನ್ ಮುಂಚೆ ಬಂದ್ 'ಮೇಷ್ಟ್ರ್ ಬತ್ತಿದ್ರ್, ನಾಯಿ ಕಟ್ಟಿ, ನೀರ್ ಇಡಿ' ಅಂದ್ ಹೇಳ್ತಿದ್ದೆ, ನಾವ್ ಸುಧಾರ್ಸ್ಕಂತಿದ್ದೆವ್. ಈಗ ಅವ್ರ ಹಿಂದ್ ಬಪ್ಪ ಇಷ್ಟ್ ಜನಕ್ಕೆ ಮುಂಚೆ ಬಂದ್ ಹೇಳುದ್ ಯಾರ್?"

ಆಕೆ ಬುಟ್ಟಿ ಇಳಿಸದೆ ಹಾಗೆಯೇ ನಿಂತಳು. "ತಪ್ಪ್ ನಂದೇ" ಎಂದಳು. "ಅಷ್ಟ್ ಕಲ್ತರಿಗೆ ನಾನ್ ಹೇಳುದ್ ಹ್ಯಾಂಗೆ ಅಂದ್ ಸುಮ್ನಿದ್ದೆ. ಹೇಳ್ಕಾಯಿತ್ತ್."

"ಅದೆಲ್ಲ ಇರ್ಲಿ. ನೀನ್ ಬಾ."

"ಬ್ಯಾಡ ಗಿರಿಜಕ್ಕ. ನಂಗೊಬ್ಳಿಗೆ ಸರ್ಸಿರೆ ಮೇಲ್‌ಹಾಡಿಯರ್ ಎಲ್ಲ್ ಹೋಯ್ಕ್? ತೆಗ್ದ್ರೆ ಎಲ್ರಿಗೂ ತೆಗಿ. ಅಲ್ಲಿವರಿಗೆ ನಾನ್ ಸುತ್ತಾಕಂಡ್ ಹೋತೆ."

ಹಲಸಿನ ಮರದ ಹಿಂದೆ ನಿಂತವನಿಗೆ ಹದಿನೈದು ವರ್ಷದ ಚೆಂಬು, ಬೆಲ್ಲ, ಬಾಚಿದ ತಲೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ನನ್ನದೆಂದುಕೊಂಡಿದ್ದ ಮರ್ಯಾದೆಯಷ್ಟೂ ಆಕೆ ನನಗಿಂತ ಅರ್ಧ ಗಂಟೆ ಮೊದಲು ಬಂದು ಇಟ್ಟುಹೋದದ್ದು. ಈ ಗುಡ್ಡೆಯಲ್ಲಿ ದಾರಿಗೆಂದು ಬೇರೆ ನೆಲವಿಲ್ಲ. ಇರುವುದೆಲ್ಲ ಯಾರದೋ ಗದ್ದೆಯ ಅಂಚು, ಯಾರದೋ ಅಂಗಳ. ಕೂಗಿ, ಒಳಗಿನವರು ಬಾ ಅಂದ ಮೇಲೆ ಮಾತ್ರ ಅದು ದಾರಿ. ಆರು ಪುಸ್ತಕದಲ್ಲಿ ಒಂದು ಕಡೆಯೂ ನಾನು ಇದನ್ನು ಬರೆದಿರಲಿಲ್ಲ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಹೌದ್. ನೀವ್ ಶನಿವಾರ ಬರ್ದಿಡ್ತಿದ್ರಿಯಲೆ, ಅದನ್ ಕಂಡ್ ಇವತ್ ಈ ದಾರಿ ಅಂದ್ ಅಕ್ಕನಿಗೆ ಹೇಳ್ತಿದ್ದೆ. ನಾಯಿ ಕಚ್ಚಿರೆ ಕುಂದಾಪ್ರಕ್ಕ್ ಕರ್ಕಂಡ್ ಹೋಪುದ್ ಯಾರ್? ನಾನೇ ಅಲ್ದಾ?"

ಇಬ್ಬರೂ ಸೇರಿ ಮೆಟ್ಟಿಲ ಮೇಲೆ ನಗುತ್ತಿದ್ದದ್ದು ಇದಕ್ಕೆ. ಆ ದಿನ ನಾನು ಊಟ ಮಾಡಲಿಲ್ಲ.

ಬೋರ್ಡು ತೆಗೆಸಲು ನನ್ನ ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಮೂರು ಭಾನುವಾರ ಹೇಳಲಿಲ್ಲ. ನಮ್ಮ ಜಗುಲಿಯಿಂದ ಮಣ್ಣಿನ ಮಾರ್ಗ ಕಾಣುತ್ತದೆ. ಆಕೆ ಬಿಸಿಲಿನಲ್ಲಿ ಆ ದೂರದ ಸುತ್ತು ಹಾಕಿಕೊಂಡು, ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ಹತ್ತುವುದನ್ನು ಕೂತು ನೋಡಿದೆ. ಮೇಲ್‌ಹಾಡಿ ಮುಟ್ಟುವಷ್ಟರಲ್ಲಿ ಐಸು ಕರಗಿ ಮೀನು ಮೆತ್ತಗಾಗುತ್ತದೆ, ಇನ್ನು ನಾಲ್ಕು ವಾರ ಹೀಗೇ ಆದರೆ ಆಕೆ ಈ ಊರಿನ ಆಸೆಯನ್ನೇ ಬಿಡಬೇಕು. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೆ ಒಂದು ತೃಪ್ತಿಯಿತ್ತು: ಈಗ ಇಬ್ಬರಿಗೂ ದಾರಿಯಿಲ್ಲ, ಈಗ ಸರಿಸಮ.

ನಾಲ್ಕನೆಯ ಭಾನುವಾರ ಮೀನಿನಕ್ಕ ನಮ್ಮ ಮೆಟ್ಟಿಲಿಗೆ ಬರಲಿಲ್ಲ. ಹಾಲು ತರಲು ಹೊರಟವನು ಮಾರ್ಗದ ಬದಿಯ ಕಲ್ಲಿನ ಮೇಲೆ ಆಕೆ ಕೂತದ್ದು ಕಂಡೆ. ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎರಡೂ ಕೈಯಲ್ಲಿ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಬೈಯಲಿ, ಬೋರ್ಡಿನ ಮಾತೆತ್ತಲಿ ಎಂದು ಕಾದೆ. ಎತ್ತಿದ್ದರೆ ನನಗೂ ಜಗಳವಾಡಲು ಅನುಕೂಲವಿತ್ತು.

ತಲೆಯೆತ್ತಿ ನೋಡಿ, "ಇವತ್ ಯಾವ ದಾರಿ ಮೇಷ್ಟ್ರೇ?" ಎಂದಳು.

ಹಾಲಿನ ಪಾತ್ರೆ ಹಿಡಿದುಕೊಂಡೇ ಅಧ್ಯಕ್ಷರ ಮನೆಗೆ ಹೋದೆ. ಅವರು, ಇಷ್ಟು ಖರ್ಚು ಮಾಡಿ ಹಾಕಿಸಿದ್ದಲ್ಲವೇ, ಅಂಗಳದ ಗೆರೆಯೊಂದನ್ನು ಅಳಿಸಿದರೆ ಸಾಲದೇ ಎಂದರು. ಗೆರೆ ಅಳಿಸಿದರೂ ಮೊಬೈಲಿನಲ್ಲಿ ಉಳಿಯುತ್ತದೆ, ತೆಗೆಸಿಬಿಡಿ, ಯಾರು ಬಂದರೂ ಮೊದಲು ನನ್ನ ಮನೆಗೆ ಕಳಿಸಿ, ಹೇಗೆ ನಡೆಯಬೇಕೆಂದು ಹೇಳಿ ಕಳಿಸುತ್ತೇನೆ ಎಂದೆ. ಸಂಜೆಯೊಳಗೆ ಬೋರ್ಡು ಪಂಚಾಯತಿಯ ಹಿಂದಿನ ಗೋಡೆಗೆ ಒರಗಿತು. ನನ್ನ ಹೆಸರು ಗೋಡೆಯ ಕಡೆಗೆ.

ಮರುವಾರ ಇಬ್ಬರೂ ಒಟ್ಟಿಗೆ ಮಕ್ಕಿಮನೆಗೆ ಹೋದೆವು. ತಿರುವಿನಲ್ಲಿ ಆಕೆ ನಿಂತಳು. "ಕೂಗಿ" ಎಂದಳು.

"ನೀನೇ ಕೂಗ್."

"ನಾನ್ ಕೂಗಿರೆ ನಂಗ್ ಬಾ ಅಂತ್ರ್. ನಿಮ್ಗೆ ಅಂಬುಕೆ ನೀವೇ ಕೂಗ್ಕ್."

ಕೂಗಿದೆ. ಆಕೆ ಮುಖ ಕಿವುಚಿದಳು. "ಅದ್ ಹಾಜ್ರಿ ಕರ್ದಂಗ್ ಆಯ್ತ್. ಗಂಟ್ಲಿಂದ ಅಲ್ಲ, ಹೊಟ್ಟಿಂದ ಬರ್ಕ್." ಇನ್ನೊಮ್ಮೆ ಕೂಗಿದೆ. ದನಿ ನಡುವೆ ಒಡೆಯಿತು. ಮೂರನೆಯ ಸಲಕ್ಕೆ ಒಳಗಿನಿಂದ ಗಿರಿಜಕ್ಕ, "ಯಾರದ್? ಕೋಣ ತಪ್ಸ್ಕಂಡ್ರಾ?" ಎಂದಳು. ಮೀನಿನಕ್ಕ ಬುಟ್ಟಿ ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕಳು. ತಲೆಯ ಮೇಲಿರುವ ಬುಟ್ಟಿಗೆ ಆಕೆ ಕೈ ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗಿರಿಜಕ್ಕ ಬಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬೋರ್ಡು ತೆಗೆಸಿದ ಸುದ್ದಿ ಆಗಲೇ ತಲುಪಿತ್ತು. ನಾನು ತಪ್ಪಾಯಿತು ಎಂದೆ. "ಇನ್ ಕೂಗ್ದೆ ಬಂದ್ರೆ ನಾಯಿ ಬಿಡ್ತೆ, ಮೇಷ್ಟ್ರ್ ಅಂದ್ ಕಾಂತಿಲ್ಲೆ" ಎಂದು ಹೇಳಿ, ಒಂದೊಂದೇ ಮುಳ್ಳಿನ ಕಂಟಿಯನ್ನು ಎಳೆದು ಗದ್ದೆಯ ಕಡೆ ಎಸೆದಳು. ಆ ದಿನ ಜಗುಲಿಯಲ್ಲಿ ನೀರಿರಲಿಲ್ಲ. ಕೇಳಿ ಕುಡಿದೆ.

ಅದಾದ ಮೇಲೆ ಆಕೆ ಹೆಚ್ಚು ಕಾಲ ಬರಲಿಲ್ಲ. ಒಂದು ಮಳೆಗಾಲ ಕಳೆಯಿತು, ಮೊಣಕಾಲು ಕೇಳಲಿಲ್ಲ. ಈಗ ಮೀನು ವ್ಯಾನಿನಲ್ಲಿ ಬರುತ್ತದೆ, ಡಾಂಬರು ಮುಗಿಯುವಲ್ಲಿ ನಿಂತು ಹಾರ್ನು ಹೊಡೆಯುತ್ತದೆ, ಬೇಕಾದವರು ಇಳಿದು ಬರಬೇಕು. ಹೆಂಡತಿ ಮಾತ್ರ ಫೋನಿನಲ್ಲಿ ಆಕೆಯ ಹತ್ತಿರ ಮಾತಾಡುತ್ತಿದ್ದಳು. ಒಂದು ಸಲ ಹೋಗಿ ನೋಡಿ ಬರೋಣ ಎನ್ನುತ್ತಿದ್ದಳು. ನಾನು ನೋಡೋಣ ಎನ್ನುತ್ತಿದ್ದೆ. ಹೋದರೆ ಈಗ ಮಕ್ಕಿಮನೆಯಲ್ಲಿ ನನ್ನ ಕೂಗಿಗೆ ಎಷ್ಟು ಬೇಗ ಉತ್ತರ ಬರುತ್ತದೆ ಎಂದು ಹೇಳಿಕೊಳ್ಳಬೇಕೆಂದು ಆಸೆ. ಆಕೆಗೆ ಬರುತ್ತಿದ್ದಷ್ಟು ಬೇಗ ಇನ್ನೂ ಬರುತ್ತಿರಲಿಲ್ಲ. ಕೂಗು ಸ್ವಲ್ಪ ಸುಧಾರಿಸಲಿ, ಆಮೇಲೆ ಹೋಗೋಣವೆಂದು ಮುಂದೂಡಿದೆ. ಅಷ್ಟರಲ್ಲಿ ಸುದ್ದಿ ಬಂತು.

ಉತ್ತರಕ್ರಿಯೆಯೆಲ್ಲ ಮುಗಿದ ಮೇಲೆ ನಾನೂ ಹೆಂಡತಿಯೂ ಹೋದೆವು. ಬರುತ್ತೇವೆಂದು ಯಾರಿಗೂ ಹೇಳಿರಲಿಲ್ಲ. ಬಸ್ಸಿಳಿದು ಕೇಳಿಕೊಂಡು ಹೋದರೆ, ಮನೆ ಮನೆಯ ನಡುವೆ ಹೊಯ್ಗೆ ಮರಳಿನ ಓಣಿ, ಆಚೀಚೆ ಒಣಗಲು ಹಾಕಿದ ಬಲೆ. ಓಣಿ ತಿರುಗಿದರೆ ನೇರ ಆಕೆಯ ಅಂಗಳ. ಅಲ್ಲೂ ದಾರಿಗೆ ಬೇರೆ ನೆಲವಿರಲಿಲ್ಲ. ತಿರುವಿನಲ್ಲಿ ನಿಂತೆ. ಹೊಟ್ಟೆಯಿಂದ ಉಸಿರೆಳೆದು ಕೂಗಿದೆ. ಒಡೆಯಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕೂಗಿರಲಿಲ್ಲ, ಹೆಂಡತಿಯೇ ತಿರುಗಿ ನೋಡಿದಳು.

ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಇಣುಕಿದರೆ, ತೆಂಗಿನ ಮರಕ್ಕೆ ದೊಡ್ಡದೊಂದು ಕಂದು ನಾಯಿ ಕಟ್ಟಿದೆ. ಜಗುಲಿಯ ಮೇಲೆ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. ಬಾವಿಕಟ್ಟೆಯ ಕಡೆಯಿಂದ ಆಕೆಯ ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು.

"ಮೇಷ್ಟ್ರ್ ಅಲ್ದಾ? ಬನ್ನಿ. ಅತ್ತೆ ಹೇಳಿದ್ರ್, ನೀವ್ ಬತ್ರಿ ಅಂದ್."

"ಯಾವತ್ ಬಪ್ಪುದ್ ಅಂದ್ ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?" ಎಂದು ಹೆಂಡತಿ ಕೇಳಿದಳು.

"ಯಾವತ್ ಅಂದ್ ಗೊತ್ತಿಲ್ಲ್ಯೆ. ಅತ್ತೆ ಹೋಪ್ಕ್ ಮುಂಚೆ ಹೇಳಿದ್ರ್, 'ನಾನ್ ಹೋದ್ಮೇಲೆ ಮೇಷ್ಟ್ರ್ ಒಂದಿನ ಬತ್ರ್. ಪಾಪ, ಅವ್ರಿಗೆ ಕೂಗುಕೆ ಬತ್ತಿಲ್ಲೆ. ಹಗ್ಲ್ ನಾಯಿ ಬಿಡ್ಬ್ಯಾಡಿ, ಜಗ್ಲಿ ಮೇಲ್ ನೀರ್ ಇರ್ಲಿ' ಅಂದ್. ಅವತ್ತಿಂದ ದಿನಾ ಇಡ್ತಿದ್ದೆ."

ನಾನು ಕೂಗಿದ್ದು ಕೇಳಿಸಿತೇ ಎಂದು ಕೇಳಿದೆ. ಬಾವಿಯ ರಾಟೆಯ ಸದ್ದಿನಲ್ಲಿ ಏನೂ ಕೇಳಲಿಲ್ಲ ಎಂದಳು.

ಕಲಿತದ್ದನ್ನು ತೋರಿಸಲಿಕ್ಕೂ ಬಿಡಲಿಲ್ಲ ಮಾರಾಯ್ತಿ. ಅಲ್ಲಿಗೂ ನನಗಿಂತ ಮೊದಲೇ ಬಂದು ಹೇಳಿಟ್ಟು ಹೋಗಿದ್ದಳು. ಹೊಟ್ಟೆಕಿಚ್ಚಿಗೆ ಕಣ್ಣು ಒರೆಸಿಕೊಂಡೆ. ಹೊಟ್ಟೆಕಿಚ್ಚೇ ಎಂದು ಹೆಂಡತಿಗೆ ಇವತ್ತಿಗೂ ಹೇಳುತ್ತೇನೆ, ಅವಳು ನಂಬುವುದಿಲ್ಲ. ಜಗುಲಿಯಲ್ಲಿ ಕೂತು ಚೆಂಬಿನ ನೀರು ಪೂರ್ತಿ ಕುಡಿದೆ. ಬೆಲ್ಲದ ಚೂರನ್ನು ಅವಳಿಗೂ ಕೊಡದೆ ನಾನೊಬ್ಬನೇ ತಿಂದೆ.